ಕಂಕುಳಿನ ಫ್ಲಾಸ್ಕು

ಮೊಂಟೆವಿಡಿಯೊ, ಸೋಮವಾರ

ಪ್ರೀತಿಯ ಅಕ್ಕ,

ಒಂಬತ್ತು ವರ್ಷದ ಮೇಲೆ ಇವತ್ತು ನನಗೆ ಉರುಗ್ವೆಯ ಕಾಯಂ ವಾಸದ ಪರವಾನಗಿ ಸಿಕ್ಕಿತು! ಬೆರಳಚ್ಚು ತೆಗೆದುಕೊಳ್ಳುತ್ತಿದ್ದ ಆಫೀಸರಮ್ಮ, "ಒಂದ್ನಿಮಿಷ ಆ ಫ್ಲಾಸ್ಕು ಕೆಳಗಿಡ್ರೀ," ಎಂದರು.

"ಯಾವ ಫ್ಲಾಸ್ಕು?" ಎಂದೆ.

ಇಲ್ಲಿನವರು ದಿನವಿಡೀ ಹೀರುವ ಮಾತೇ ಎಲೆಯ ಕಷಾಯಕ್ಕೆಂದು ಹೊತ್ತು ತಿರುಗುವ ಹಾಗೆ, ಬಿಸಿನೀರಿನ ಫ್ಲಾಸ್ಕನ್ನು ಎಡ ಕಂಕುಳಲ್ಲಿ ಇರುಕಿಕೊಂಡೇ ಹೋಗಿದ್ದೆ. ಅದು ಅಲ್ಲಿರುವುದೇ ನನಗೆ ಮರೆತುಹೋಗಿತ್ತು.

"ಕ್ಯೂಬಾದೋರು ಅಂತ ಬೇರೆ ಬರ್ಕೊಂಡಿದೀರಲ್ರೀ!" ಎಂದು ನಗುತ್ತಲೇ ಠಸ್ಸೆ ಒತ್ತಿದರು.

ನೀನು ಕೇಳಿದ್ದ ನನ್ನ ಮಂಡಿನೋವು ವಾಸಿಯಾಗಿದೆ. ದೇಶ ಬಿಟ್ಟರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆ ಇನ್ನಿಲ್ಲ. ಜನವರಿಗೆ ನಮ್ಮೂರು ಕಮಾಗ್ವೇಗೆ ಬರುತ್ತೇನೆ, ಕಾಫಿಗೆ ನೀರಿಡು. ಅಪ್ಪಿಕೊಳ್ಳುವಾಗ ನನ್ನ ಎಡಗೈ ಮೇಲೇಳದಿದ್ದರೆ ಬೇಸರ ಮಾಡಿಕೊಳ್ಳಬೇಡ.

ನಿನ್ನ ತಮ್ಮ,
ಓಸ್ಮಾನಿ