ಜಾಲರಿ ಹೆಡ್‌ಫೋನೇ ಸಾಕು

ದೇವನಹಳ್ಳಿ
20.11.2024, ಬುಧವಾರ

ಪ್ರೀತಿಯ ದಿಲ್ಶಾದ್,

ಅಸ್ಸಲಾಮು ಅಲೈಕುಂ. ನಾನಿಲ್ಲಿ ಚೆನ್ನಾಗಿದ್ದೇನೆ, ಹೊತ್ತು ಹೊತ್ತಿಗೆ ಊಟವನ್ನೂ ಮಾಡುತ್ತಿದ್ದೇನೆ. ನಿನ್ನ ಮಂಡಿ ನೋವು ಹೇಗಿದೆ? ಹೊಸಪೇಟೆಯ ಬಿಸಿಲು ಈ ತಿಂಗಳಲ್ಲೂ ಬಿಡುವುದಿಲ್ಲ ಎನ್ನುತ್ತಾರೆ, ಮಧ್ಯಾಹ್ನ ಬಟ್ಟೆ ಒಣಗಿಸುವ ನೆಪದಲ್ಲಿ ಮಹಡಿ ಹತ್ತಬೇಡ. ನಿನ್ನ ಮಗಳು ಇಕ್ರಾಗೆ ಹಾಲು ಕುಡಿಯುವುದೆಂದರೆ ಚಿಕ್ಕಂದಿನಿಂದ ಆಗುವುದಿಲ್ಲ, ಬಾಣಂತಿಯಾಗಿರುವಾಗಲಾದರೂ ಬೈದು ಕುಡಿಸು. ಡಾಕ್ಟರು ಪ್ರಯಾಣ ಬೇಡ ಎನ್ನದಿದ್ದರೆ ಬಾಣಂತನ ಇಲ್ಲೇ ಆಗುತ್ತಿತ್ತು, ನಾನೂ ಮಗುವಿನ ಮುಖ ನೋಡಿಕೊಂಡು ಇರುತ್ತಿದ್ದೆ. ನನ್ನ ಬಟನ್ ಫೋನಿಗೆ ಫೋಟೋ ಬರುವುದಿಲ್ಲವಲ್ಲ, ಪಕ್ಕದ ಮನೆಯ ಮುನಿವೆಂಕಟಮ್ಮನ ಫೋನಿಗೆ ನೀವು ಕಳಿಸಿದ್ದನ್ನು ಆಯಮ್ಮ ಕಾಂಪೌಂಡಿನ ಮೇಲಿಂದಲೇ ತೋರಿಸಿದಳು. ತುಟಿ ಇಕ್ರಾಳದು, ಹಣೆ ನನ್ನದು. ಈ ವಿಷಯದಲ್ಲಿ ನಿನ್ನ ತಕರಾರು ಬೇಡ.

ಕಾಗದ ನೋಡಿ ಗಾಬರಿಯಾಗಬೇಡ. ದಿನಾ ಫೋನ್ ಮಾಡುವ ಮನುಷ್ಯ ಇದ್ದಕ್ಕಿದ್ದಂತೆ ಯಾಕೆ ಬರೆಯುತ್ತಿದ್ದಾನೆ ಎಂದು ನೀನು ಕೇಳಿಯೇ ಕೇಳುತ್ತೀಯ. ಮನೆಯಲ್ಲಿ ನಾವು ಆಡುವುದು ದಖನಿಯಾದರೂ ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ, ಕಾಗದ ಎಂದರೆ ಕೈ ತಾನಾಗಿ ಕನ್ನಡಕ್ಕೇ ಹೋಗುತ್ತದೆ. ನಿಶ್ಚಯವಾದ ಮೇಲೆ ನಿಮ್ಮ ಬೂದಿಗೆರೆಗೆ ಎರಡು ಕಾಗದ ಬರೆದಿದ್ದೆ, ಇದು ಮೂರನೆಯದು. ಆಗ ನಿಮ್ಮಪ್ಪ ಮೊದಲು ಓದಿ ಆಮೇಲೆ ನಿನಗೆ ಕೊಡುತ್ತಿದ್ದರು. ಈಗ ಇದನ್ನು ನೀನೊಬ್ಬಳೇ ಓದಬೇಕು. ಇಕ್ರಾಗೂ ಕೊಡಬೇಡ, ಅಫ್ಸರನಿಗಂತೂ ಬೇಡವೇ ಬೇಡ.

ವಿಷಯ ಅಫ್ಸರ್ ಕಳಿಸಿದ ಹೆಡ್‌ಫೋನಿನದು. ಮಗಳು ಹುಟ್ಟಿದ ಖುಷಿಗೆ ಎಲ್ಲರೂ ಸಿಹಿ ಕಳಿಸಿದರೆ ನಮ್ಮ ಅಳಿಯ ಮಾವನಿಗೆ ಇಷ್ಟು ದುಬಾರಿಯ ವಸ್ತು ಕಳಿಸಿದ. ನನ್ನ ಹಳೆಯದಕ್ಕಿಂತ ಆರು ಪಟ್ಟು ಬೆಲೆಯಂತೆ. ಹೇಗಿದೆ, ಹೇಗಿದೆ ಎಂದು ನೀನೂ ಫೋನಿನಲ್ಲಿ ಕೇಳುತ್ತಲೇ ಇದ್ದೀಯ. ಒಪ್ಪಿಗೆಯಾಗದಿದ್ದರೆ ತಿಂಗಳೊಳಗೆ ಅಂಗಡಿಯವರು ವಾಪಸ್ ತಗೊಳ್ಳುತ್ತಾರೆ ಎಂದು ಅಫ್ಸರನೇ ಜೊತೆಗಿಟ್ಟ ಚೀಟಿಯಲ್ಲಿ ಬರೆದಿದ್ದ. ನಾಳೆ ಪಾರ್ಸೆಲ್ ಮಾಡುತ್ತಿದ್ದೇನೆ. ತೂಕ ಜಾಸ್ತಿ, ಕತ್ತು ನೋಯುತ್ತದೆ ಎಂದು ಅವನಿಗೆ ಹೇಳಿದ್ದೇನೆ. ಅದು ಸುಳ್ಳು. ನಿಜ ನಿನಗೊಬ್ಬಳಿಗೇ ಹೇಳಬೇಕೆಂದು ಮೂರು ದಿನದಿಂದ ಈ ಹಾಳೆಯನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಕೊಟ್ಟ ಉಡುಗೊರೆಯನ್ನು ಮಾವ ಮುಖಕ್ಕೆ ಎಸೆದ ಎಂದು ಆ ಹುಡುಗನ ಮನಸ್ಸು ಮುರಿಯಬಾರದು. ಅದನ್ನು ನೀನೇ ನೋಡಿಕೊಳ್ಳಬೇಕು, ಅದಕ್ಕೆ ನಿಜ ನಿನಗೆ ಗೊತ್ತಿರಬೇಕು.

ಅದು ಕೆಟ್ಟ ಮಾಲು ಎಂದುಕೊಳ್ಳಬೇಡ. ನಲವತ್ತು ವರ್ಷ ಮೈಕ್‌ಸೆಟ್ ನಡೆಸಿದ ನಾನು ಸುಳ್ಳು ಹೇಳಿದರೆ ನನ್ನ ಬಾಯಿಗೆ ಹುಳ ಬಿದ್ದೀತು. ಮೊದಲ ದಿನ ನನ್ನ ಹಳೆಯ ಆಂಪ್ಲಿಫೈಯರಿಗೆ ಪಿನ್ ಸಿಕ್ಕಿಸಿ, ಮದುವೆ ಮನೆಗಳಲ್ಲಿ ಹಾಕುತ್ತಿದ್ದ ನಾದಸ್ವರದ ಕ್ಯಾಸೆಟ್ ಹಾಕಿದೆ. ನುಡಿಸುವವನು ಒಂದು ಸಾಲು ಮುಗಿಸಿ ಇನ್ನೊಂದು ಹಿಡಿಯುವ ಮುಂಚೆ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಮೂವತ್ತು ವರ್ಷ ಅದೇ ಕ್ಯಾಸೆಟ್ ಹಾಕಿದ್ದೇನೆ ದಿಲ್ಶಾದ್, ಆ ಮನುಷ್ಯನಿಗೂ ದಮ್ಮು ಕಟ್ಟುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಣ್ಣು ಮುಚ್ಚಿ ಕೂತೇ ಇದ್ದೆ. ನಲ್ಲೂರಿನ ಗಂಗಣ್ಣ, ನನ್ನ ಜೊತೆ ಹಾರ್ನ್ ಸ್ಪೀಕರ್ ಹೊತ್ತು ಮರ ಹತ್ತುತ್ತಿದ್ದವನು, ಹುಣಸೆಹಣ್ಣು ಕೊಟ್ಟು ಹೋಗಲು ಬಂದು ಎಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದನೋ. ಕೊನೆಗೆ ಭುಜ ಹಿಡಿದು ಅಲ್ಲಾಡಿಸಿದ. "ಏನ್ಲಾ ಪಾಷಾ, ಗಾಡಿ ಮಾರ್ಬುಟ್ಟು ಹೆಲ್ಮೆಟ್ ಒಂದು ಮಡಿಕ್ಕಂಡಿದ್ದೀಯಾ?" ಎಂದ. ಅವನ ತಲೆಗೂ ಹಾಕಿದೆ. ಎರಡು ನಿಮಿಷ ಕೇಳಿ, "ಬಾವಿ ಒಳಗ್ ಕೂತಂಗೈತೆ ಕಣೋ, ತಗಿ" ಎಂದು ಕಿತ್ತು ಕೊಟ್ಟ.

ಅವನು ಹೇಳಿದ್ದು ಸರಿ. ಹೊಸದರ ಬೆನ್ನು ಪೂರ್ತಿ ಮುಚ್ಚಿದೆ, ಕಿವಿಯ ಸುತ್ತ ಮೆತ್ತನೆಯ ಚರ್ಮ ಅಂಟಿಕೊಂಡರೆ ಹೊರಗಿನ ಲೋಕ ಇಲ್ಲ. ಆ ನಿಶ್ಶಬ್ದದಲ್ಲೇ ತೊಂದರೆ ಶುರುವಾಗಿದ್ದು. ಕ್ಯಾಸೆಟ್ಟಿನ ಒಂದು ಬದಿ ಮುಗಿದು ಸುಮ್ಮನಾದಾಗ ಸಣ್ಣಗೆ ಗುಂಯ್ ಎನ್ನುವ ಸದ್ದು. ನಿಲ್ಲುವುದಿಲ್ಲ, ಏರುವುದಿಲ್ಲ, ಇಳಿಯುವುದಿಲ್ಲ. ಆಂಪ್ಲಿಫೈಯರ್ ಹಳೆಯದು, ಕಂಡೆನ್ಸರ್ ಹೋಗಿದೆ ಎಂದುಕೊಂಡೆ. ಮಾರನೆಯ ದಿನ ಬಿಚ್ಚಿ ಹರಡಿ ಕೂತೆ. ಕಂಡೆನ್ಸರ್ ಬದಲಾಯಿಸಿದೆ, ವಾಲ್ಯೂಮ್ ಕಂಟ್ರೋಲ್ ತೊಳೆದೆ, ಅರ್ಥಿಂಗ್ ತಂತಿಯನ್ನು ಹೊಸದಾಗಿ ಬೆಸೆದೆ. ಕೈ ಇನ್ನೂ ನಡುಗುವುದಿಲ್ಲ, ಅದೊಂದು ಸಮಾಧಾನ. ಎರಡು ದಿನ ಹಾಲ್ ತುಂಬ ಸ್ಕ್ರೂ, ನೀನಿದ್ದಿದ್ದರೆ ನನ್ನನ್ನೂ ಸೇರಿಸಿ ಗುಡಿಸಿ ಹಾಕುತ್ತಿದ್ದೆ. ಎಲ್ಲ ಜೋಡಿಸಿ ಹಾಕಿಕೊಂಡೆ. ಗುಂಯ್. ಕರೆಂಟಿನದೇ ದೋಷ ಇರಬೇಕೆಂದು ಮೇನ್ ಸ್ವಿಚ್ ಆರಿಸಿದೆ. ಗುಂಯ್. ಹೆಡ್‌ಫೋನ್ ತಲೆಯ ಮೇಲೆ ಇದ್ದಂತೆಯೇ ಪಿನ್ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ತಂತಿಯ ತುದಿ ನನ್ನ ಅಂಗೈಯಲ್ಲಿದೆ, ಸದ್ದು ಹಾಗೇ ಇದೆ.

ನಲವತ್ತು ವರ್ಷ ಜನರ ಮಷೀನುಗಳಲ್ಲಿ ದೋಷ ಹುಡುಕಿದವನಿಗೆ ದೋಷ ತನ್ನ ಕಿವಿಯಲ್ಲೇ ಇದೆ ಎಂದು ತಿಳಿಯಲು ಎರಡು ದಿನ ಬೇಕಾಯಿತು. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಯಾರೂ ಇಲ್ಲ. ಪಿನ್ ಹಿಡಿದುಕೊಂಡೇ ಸ್ವಲ್ಪ ಹೊತ್ತು ಅತ್ತೆ, ಅದನ್ನೂ ಹೇಳಿಬಿಡುತ್ತೇನೆ. ಆ ಹತ್ತಿಯ ನೆನಪಾಯಿತು. ಮದುವೆಯಾದ ಹೊಸದರಲ್ಲಿ ನಾನು ಕೆಲಸಕ್ಕೆ ಹೊರಟಾಗಲೆಲ್ಲ ನೀನು ಅಂಗಿ ಜೇಬಿನಲ್ಲಿ ಎರಡು ಉಂಡೆ ಹತ್ತಿ ಇಡುತ್ತಿದ್ದೆ. "ಹಾರ್ನ್ ಕೆಳಗೆ ನಿಲ್ಲುವಾಗ ಕಿವಿಗೆ ಇಟ್ಕೊಳ್ಳಿ, ಬಿಗಿ ಅನ್ನಿಸಿದ್ರೂ ಪರವಾಗಿಲ್ಲ" ಎಂದು. ಹುಡುಗರು ನಗುತ್ತಾರೆಂದು ಬಸ್‌ಸ್ಟ್ಯಾಂಡಿನಲ್ಲೇ ಎಸೆಯುತ್ತಿದ್ದೆ. ಒಂದು ದಿನವೂ ಇಟ್ಟುಕೊಂಡಿಲ್ಲ. ವಾಪಸ್ ಬಂದಾಗ ಜೇಬು ಖಾಲಿ ನೋಡಿ ನೀನು ಸಂತೋಷಪಡುತ್ತಿದ್ದೆ, ನಾನು ಸುಮ್ಮನಿರುತ್ತಿದ್ದೆ. ಮಾಫ್ ಮಾಡು.

ಇನ್ನು ಹಳೆಯ ಹೆಡ್‌ಫೋನಿನ ಮಾತು. ಡಿಜೆಯವರು ಬಂದು ನಮ್ಮ ಹಾರ್ನುಗಳನ್ನು ಯಾರೂ ಕರೆಯದಂತಾದಾಗ ಈ ಆಂಪ್ಲಿಫೈಯರ್, ಕ್ಯಾಸೆಟ್ಟು ಬಿಟ್ಟು ಉಳಿದದ್ದೆಲ್ಲ ಮಾರಿದೆನಲ್ಲ, ಆ ವಾರ ಇಕ್ರಾ ತನ್ನ ಸ್ಕೂಲಿನ ಸಂಬಳದಲ್ಲಿ ತರಿಸಿಕೊಟ್ಟದ್ದು. ಅದರ ಬೆನ್ನಿಗೆ ಬರೀ ಜಾಲರಿ. ಒಳಗಿನದು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುತ್ತದೆ. ಅದನ್ನು ಹಾಕಿಕೊಂಡು ಹೊಂಗೆ ಮರದ ಕೆಳಗೆ ಕುರ್ಚಿ ಎಳೆದು ಕೂತರೆ ಆ ಗುಂಯ್ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಮುನಿವೆಂಕಟಮ್ಮನ ಕುಕ್ಕರ್, ಎಲೆ ಅಲ್ಲಾಡುವುದು, ಏರ್‌ಪೋರ್ಟಿನಿಂದ ಎದ್ದ ವಿಮಾನ ನೆತ್ತಿಯ ಮೇಲೆ ಉದ್ದಕ್ಕೆ ಎಳೆದುಕೊಂಡು ಹೋಗುವುದು, ಎಲ್ಲ ನಾದಸ್ವರದ ಜೊತೆ ಸೇರಿ ಹೋಗುತ್ತದೆ. ಉಸಿರು ಕೇಳಿಸುವುದಿಲ್ಲ, ನಿಜ. ಬೇಡ ಬಿಡು, ಅವನ ಉಸಿರು ಅವನಿಗಿರಲಿ.

ಇನ್ನೊಂದು ಇದೆ, ಹೇಳಿದರೆ ಮುದುಕನಿಗೆ ಹುಚ್ಚು ಎನ್ನುತ್ತೀಯ. ಹಳೆಯದರಲ್ಲಿ ಹಾಡು ತಲೆಯೊಳಗೆ ಇರುವುದಿಲ್ಲ, ದೂರದಿಂದ ಬಂದ ಹಾಗೆ ಇರುತ್ತದೆ. ಕೆರೆಯಾಚೆ ಯಾವುದೋ ಊರಿನಲ್ಲಿ ಮದುವೆ ನಡೆಯುತ್ತಿದೆ, ಗಾಳಿ ಈ ಕಡೆ ತಿರುಗಿದಾಗ ಒಂದಿಷ್ಟು ಕೇಳಿಸುತ್ತದೆ, ತಿರುಗಿದರೆ ಇಲ್ಲ. ನಾನು ಜೀವಮಾನವೆಲ್ಲ ಹಾರ್ನಿನ ಬುಡದಲ್ಲಿ ನಿಂತವನು, ನನ್ನ ಸದ್ದನ್ನು ದೂರದಿಂದ ಒಮ್ಮೆಯೂ ಕೇಳಿದವನಲ್ಲ. ನೀನು ಕೇಳಿದ್ದೀಯ. ಬೂದಿಗೆರೆಯ ಮನೆ ಮಾಳಿಗೆಯ ಮೇಲೆ ಹುರುಳಿ ಒಣಗಿಸುತ್ತಾ ಕೂತಿದ್ದಾಗ ಪಕ್ಕದ ಊರಿನಿಂದ "ಹಲೋ, ಮೈಕ್ ಟೆಸ್ಟಿಂಗ್" ಎಂದು ಒಂದು ದನಿ ಬರುತ್ತಿತ್ತು, ಯಾರೋ ಏನೋ, ಹಾಡಿಗಿಂತ ಅದೇ ಚೆನ್ನಾಗಿತ್ತು ಎಂದು ಮದುವೆಯಾದ ವರ್ಷ ನೀನು ಹೇಳಿದ್ದೆ. ಆಗ ನಕ್ಕುಬಿಟ್ಟಿದ್ದೆ. ಈಗ ಮರದ ಕೆಳಗೆ ಕೂತಾಗ ಆ ಮಾಳಿಗೆ ಕಾಣುತ್ತದೆ, ಮೊರ ಕಾಣುತ್ತದೆ, ನಿನ್ನ ಎರಡು ಜಡೆ ಕಾಣುತ್ತದೆ. ಗಂಟೆ ಕಳೆದದ್ದು ತಿಳಿಯುವುದಿಲ್ಲ. ಮೊನ್ನೆ ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು, ಉಜ್ಜಿದ್ದೇನೆ, ಬಂದ ಮೇಲೆ ಹುಡುಕಿ ಬೈಯಬೇಡ.

ಆದ್ದರಿಂದ ನನಗೆ ಕಡಿಮೆ ಬೆಲೆಯದೇ ಇರಲಿ. ಅಫ್ಸರನಿಗೆ ಕತ್ತು ನೋವಿನ ಮಾತನ್ನೇ ನೀನೂ ಹೇಳು, ಇನ್ನೂ ನಾಲ್ಕು ಒಳ್ಳೆಯ ಮಾತು ಸೇರಿಸು, ಅದರಲ್ಲಿ ನೀನು ನನಗಿಂತ ಜಾಣೆ. ಆ ದುಡ್ಡಿನಲ್ಲಿ ಮಗುವಿಗೊಂದು ಒಳ್ಳೆಯ ತೊಟ್ಟಿಲು ತರಲಿ, ಮಾವನ ಆಸೆ ಅದು ಎನ್ನು. ಅದು ಸುಳ್ಳಲ್ಲ.

ಫೋನಿನಲ್ಲಿ ಹೇಳದೆ ಯಾಕೆ ಬರೆದೆ ಎಂದರೆ, ಫೋನಿನಲ್ಲಿ ನಿನ್ನ ದನಿ ಬರುತ್ತದೆ, ನೀನೇ ಎಂದು ಗೊತ್ತಾಗುತ್ತದೆ, ಮಾತು ಮಾತ್ರ ಬಿಡಿಸಿಕೊಳ್ಳಲು ಆಗುವುದಿಲ್ಲ. ಹೆಡ್‌ಫೋನ್ ಹೇಗಿದೆ ಎಂದು ದಿನಾ ಕೇಳಿ ಕೇಳಿ ಅದೊಂದು ಅಂದಾಜಿಗೆ ಸಿಗುತ್ತದೆ. ಉಳಿದಂತೆ ನೀನು ನಿಲ್ಲಿಸಿದ ಕಡೆ ನಾನು ಹೂಂ ಎನ್ನುತ್ತೇನೆ, ನೀನು ನಕ್ಕ ಕಡೆ ನಗುತ್ತೇನೆ. ಬರುಬರುತ್ತಾ ಹೀಗಾಗಿ ಒಂದು ವರ್ಷವಾಗಿರಬಹುದು. ಎದುರಿಗಿದ್ದರೆ ನಿನ್ನ ಬಾಯಿ ನೋಡಿ ನಡೆದುಹೋಗುತ್ತಿತ್ತು, ಅದಕ್ಕೆ ನಿನಗೂ ತಿಳಿಯಲಿಲ್ಲ. ನೀನು ಬಂದ ಮೇಲೆ ಕಿವಿ ಡಾಕ್ಟರ ಹತ್ತಿರ ಹೋಗೋಣ. ಒಬ್ಬನೇ ಹೋಗಲು ಧೈರ್ಯ ಸಾಲದು, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಲಾದರೂ ನೀನು ಬೇಕು.

ಇಕ್ರಾಗೂ ಅಫ್ಸರನಿಗೂ ನನ್ನ ದುವಾ. ಮಗುವಿನ ಎರಡು ಪಾದಕ್ಕೂ ಒಂದೊಂದು ಮುತ್ತು, ಅಳಿಸದೆ ಕೊಡು. ಖುದಾ ನಿಮ್ಮನ್ನೆಲ್ಲ ಸುಖವಾಗಿಡಲಿ.

ನಿನ್ನ,
ಸರ್ದಾರ್ ಪಾಷಾ

ಮತ್ತೊಂದು ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಏಳನೇ ದಿನದ ಶಾಸ್ತ್ರ ಮುಗಿಸಿ ನೀನು ಫೋನಿನಲ್ಲಿ ಮೊಮ್ಮಗಳಿಗೆ ಇಟ್ಟ ಹೆಸರು ಹೇಳಿದೆ. ನಾನು "ಬಹಳ ಚೆನ್ನಾಗಿದೆ, ನನ್ನ ಮನಸ್ಸಿನಲ್ಲೂ ಅದೇ ಇತ್ತು" ಎಂದೆ. ನನಗೆ ಕೇಳಿಸಿರಲಿಲ್ಲ ದಿಲ್ಶಾದ್. ಅಷ್ಟು ದೊಡ್ಡ ಮಾತು ಆಡಿದ ಮೇಲೆ ಇನ್ನೊಮ್ಮೆ ಹೇಳು ಎನ್ನಲು ನಾಚಿಕೆಯಾಯಿತು. ಹನ್ನೆರಡು ದಿನದಿಂದ ದುವಾ ಮಾಡುವಾಗ ಅವಳನ್ನು ಇಕ್ರಾಳ ಮಗಳು ಎಂದೇ ಹೇಳುತ್ತಿದ್ದೇನೆ. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ, ಒಂದು ಕಾರ್ಡಿನಲ್ಲಿ ಅವಳ ಹೆಸರು ಬರೆದು ಕಳಿಸು.