ಅವ್ವನ ಎಡೆಯಲ್ಲಿ ಕಡ್ಡಿಪುಡಿ

ನನ್ನ ಅವ್ವನಿಗೆ,

ಮಹಾಲಯ ಅಮಾವಾಸ್ಯೆಗೆ ಗಾವಡಗೆರೆಯ ಮನೆಯಲ್ಲಿ ನಿನಗೆ ಎಡೆ ಇಟ್ಟೆವು. ಮುದ್ದೆ, ಬಾಡು, ಕಜ್ಜಾಯ, ವೀಳ್ಯದೆಲೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ, ಅದಕ್ಕೆ ನೀನು ದಿನವಿಡೀ ಅಗಿಯುತ್ತಿದ್ದ ಹೊಗೆಸೊಪ್ಪಿನ ಕಡ್ಡಿಪುಡಿಯನ್ನೂ ಒಂದು ಪೊಟ್ಟಣ ಇಟ್ಟೆ. ದೊಡ್ಡಪ್ಪ ಬಗ್ಗಿ ತೆಗೆದೇಬಿಟ್ಟ. "ಬಾಯೆಲ್ಲಾ ಹುಣ್ಣಾದ್ರೂ ಬುಡ್ಲಿಲ್ಲ ನಿಮ್ಮವ್ವ. ಮಾನಗೆಟ್ಟ ಚಟ ಕಣವ್ವ ಅದು. ನಾನು ಬೀಡಿನ ಒಂದೇ ದಿನಕ್ಕೆ ಬುಡ್ನಿಲ್ವಾ?" ಅಂದ.

ನಾನು ಮೈಸೂರಿನ ಲ್ಯಾಬಿಗೆ ಸೇರಿದಾಗ ನೀನು ನಕ್ಕಿದ್ದು ನೆನಪಿದೆಯಾ? "ಊರೋರೆಲ್ಲ ಇಲಿಗೆ ಪಾಷಾಣ ಇಕ್ತಾರೆ, ನನ್ ಮಗಳು ಅನ್ನ ಇಕ್ಕಕ್ಕೆ ಓದವ್ಳೆ." ಆ ಇಲಿಗಳ ವಿಷಯ ಕೇಳು. ಒಂದೇ ಬಸಿರಲ್ಲಿ ಹುಟ್ಟಿ ಒಂದೇ ಕಾಳು ತಿಂದ ಎರಡು ಇಲಿ. ಮಿದುಳಲ್ಲಿ ನರದಿಂದ ನರಕ್ಕೆ ಸುದ್ದಿ ದಾಟುವ ಸಂದಿಯಲ್ಲಿ ಇರಬೇಕಾದ ಒಂದು ಪ್ರೋಟೀನು ಒಂದರಲ್ಲಿ ಹುಟ್ಟಿನಿಂದಲೇ ಇಲ್ಲ. ಎರಡಕ್ಕೂ ಅಷ್ಟಷ್ಟೇ ಉತ್ತೇಜಕ ಮದ್ದು ಕೊಟ್ಟರೆ ಆ ಪ್ರೋಟೀನು ಇಲ್ಲದ್ದು ಹುಚ್ಚು ಹಿಡಿದಂತೆ ಸುತ್ತುತ್ತದೆ, ಇನ್ನೊಂದು ಮೀಸೆ ತೀಡಿಕೊಂಡು ಕೂತಿರುತ್ತದೆ. "ಇನ್ನೂ ಬೇಕು" ಅನ್ನಿಸುವ ಡೋಪಮೈನ್ ಎರಡರಲ್ಲೂ ಒಂದೇ ಥರ ಆಡುವುದಿಲ್ಲ. ಸುತ್ತಿದ ಇಲಿಗೆ ಮಾನವಿಲ್ಲ ಅನ್ನೋಣವಾ?

ಇಲಿ ಇಲಿಯೇ, ನೀನು ನೀನೇ. ನಿನ್ನ ಮಿದುಳಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ದೊಡ್ಡಪ್ಪನಿಗೂ ಗೊತ್ತಿಲ್ಲ. ಮದುವೆಯಾಗಿ ಬಂದಾಗಿನಿಂದ ಸೊಪ್ಪು ಬೇಯಿಸುವ ಅವನ ಬ್ಯಾರನ್ ಮನೆ ಮುಂದೆ ಕೂತು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿದವಳು ನೀನು. ಎಷ್ಟು ತೊಳೆದರೂ ಹೋಗದ ಆ ಕಪ್ಪು ಅಂಟಿನ ಕೈಯಲ್ಲೇ ಉಣ್ಣುತ್ತಿದ್ದೆ. ಸೊಪ್ಪು ಮಾರಿ ಮಹಡಿ ಮನೆ ಕಟ್ಟಿದವನು ಮಾನವಂತ, ಅಗಿದವಳು ಮಾತ್ರ...

ಪೊಟ್ಟಣವನ್ನು ಅವನ ಕೈಯಿಂದ ಕಿತ್ತು ಮತ್ತೆ ಎಲೆಯ ಮೇಲಿಟ್ಟೆ. "ತಾತನ ಎಡೆಗೆ ಬ್ರಾಂದಿ ಇಡ್ತೀಯಲ್ಲ ದೊಡ್ಡಪ್ಪ, ಆಗ ಎಲ್ಲಿ ಹೋಗಿರ್ತದೆ ಮಾನ?" ಅಂದೆ.

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ನಿನ್ನ ಕಿರಿಮಗಳು ಸುಧಾ ಈಗ ಅದೇ ಬ್ಯಾರನ್‌ನಲ್ಲಿ ಸೊಪ್ಪು ಕಟ್ಟುತ್ತಾಳೆ. ಅವಳೂ ಕಡ್ಡಿಪುಡಿ ಹಾಕುತ್ತಾಳೆ. ಎಲ್ಲರೂ ಉಂಡ ಮೇಲೆ ಹಿತ್ತಲಲ್ಲಿ ನನ್ನ ಕೈ ಹಿಡಿದು ಅತ್ತಳು. "ಎಲ್ಡು ಸಲ ಬುಟ್ಟೆ ಕಣಕ್ಕ, ಆಗ್ನಿಲ್ಲ." ನಾನು ಬೈಯಲಿಲ್ಲ. ಸೋಮವಾರ ಚಟ ಬಿಡಿಸುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೀನಿ. ಮತ್ತೆ ಹಾಕಿಕೊಂಡರೆ ಮತ್ತೆ ಕರೆದುಕೊಂಡು ಹೋಗ್ತೀನಿ. ನಿನ್ನನ್ನು ಎಲ್ಲರೂ ಬೈದರು, ಯಾರೂ ಕರೆದುಕೊಂಡು ಹೋಗಲಿಲ್ಲ. ಇವಳನ್ನು ಬೈಯುವವರು ಮೊದಲು ನನ್ನ ಮುಂದೆ ಬಂದು ನಿಲ್ಲಲಿ.

ನಿನ್ನ ದೊಡ್ಡ ಮಗಳು