ನನ್ನ ಮಗಳಿಗೆ ನೀವು ಯಾವಾಗ ಸೋದರಮಾವನಾದಿರಿ?

ಮಾನ್ಯ ಸೋದರಮಾವನವರೇ,

ನಮ್ಮ ಕ್ಷೇತ್ರದ ಸಂಸತ್ ಸದಸ್ಯರೇ, ಈಗ ಮತ್ತೆ ಅದೇ ಕುರ್ಚಿಗೆ ನಿಂತ ಅಭ್ಯರ್ಥಿಗಳೇ ಎಂದು ನಿಮ್ಮನ್ನು ಕರೆಯಬೇಕಿತ್ತು. ಆದರೆ ಹೋದ ವಾರ ಮನೆಮನೆಗೆ ಹಂಚಿಸಿದ ಕರಪತ್ರದಲ್ಲಿ ನೀವೇ ಬೇರೆ ಪದವಿ ತೆಗೆದುಕೊಂಡಿದ್ದೀರಿ. ಮೇಲೆ ಚಿತ್ರ: ನನ್ನ ಮಗಳು ಸಿಮ್ರತಳ ಕೈಗೆ ನೀವು ಮದುವೆಯ ಕೆಂಪು ಬಳೆ ತೊಡಿಸುತ್ತಿದ್ದೀರಿ. ಕೆಳಗೆ ದಪ್ಪ ಅಕ್ಷರ: ‘ಪ್ರತಿ ಮನೆಯ ಮಗಳಿಗೂ ಮಾವ’. ನನ್ನನ್ನು ಯಾರು ಕೇಳಿದರು? ಅವಳನ್ನು ಯಾರು ಕೇಳಿದರು? ಸೋದರಮಾವನಾಗಿ ಆ ಬಳೆ ತೊಡಿಸಬೇಕಾಗಿದ್ದವನು ನನ್ನ ತಮ್ಮ ಗುರ್ನೇಕ. ಅವನನ್ನು ನೀವು ಎರಡು ಸಲ ಹೊರಗಿಟ್ಟಿರಿ. ಅದನ್ನು ಮರೆಯುವ ಗುಣ ವಾಹೆಗುರು ನನಗೆ ಇನ್ನೂ ಕೊಟ್ಟಿಲ್ಲ.

ಹೋದ ಚುನಾವಣೆಯಲ್ಲಿ, ನಮ್ಮ ಮೂಲೆಮನೆ ಎರಡು ಬೀದಿಗೂ ಕಾಣುತ್ತದೆ ಎಂದು ನೀವಾಗಿಯೇ ಬಂದಿರಿ. “ಅಕ್ಕ, ನನ್ನನ್ನ ನಿಮ್ಮ ತಮ್ಮ ಅಂತ ತಿಳ್ಕೊಳ್ಳಿ. ಇಲ್ಲೊಂದು ಬೋರ್ಡ್ ಹಾಕ್ಕೊಳ್ಳಲಾ?” ಅಂದಿರಿ. ನಾನು ಹಳ್ಳಿಯ ಶಾಲೆಯಲ್ಲಿ ಓದಿದವಳು. ತಮ್ಮ ಅಂದವನನ್ನು ತಮ್ಮನೆಂದೇ ನಂಬಿದೆ. ಮೆಂತ್ಯದ ಮಡಿಯನ್ನು ಅಗೆದು ಬೋರ್ಡಿನ ಮೇಲಿನ ನಿಮ್ಮ ನಗುಮುಖಕ್ಕೆ ಜಾಗ ಕೊಟ್ಟೆ. ಈ ಪರದೇಶದ ಹಿಮ ತುಳಿದುಕೊಂಡು ನಮ್ಮ ಪಂಜಾಬಿನವರ ಬಾಗಿಲು ತಟ್ಟಿದೆ. ಎದುರುಮನೆಯ ಜಮೈಕಾದ ಅಯೋನಿಯಮ್ಮನನ್ನು ಜೊತೆಗೆ ಕರೆದುಕೊಂಡು ಅವಳ ಚರ್ಚಿನವರ ಬಾಗಿಲನ್ನೂ ತಟ್ಟಿದೆ. ನೀವು ಗೆದ್ದದ್ದು ಕೂದಲೆಳೆಯ ಅಂತರದಲ್ಲಿ. ಆ ಕೂದಲು ಯಾರ ತಲೆಯದೆಂದು ಎಂದಾದರೂ ಯೋಚಿಸಿದ್ದೀರಾ?

ಮಗಳ ಮದುವೆ ಗೊತ್ತಾಯಿತು. ಪಂಜಾಬಿನಿಂದ ಬರಬೇಕಿದ್ದ ಗುರ್ನೇಕನಿಗೆ ವೀಸಾ ಸಿಗಲಿಲ್ಲ. ಅವನು ವಾಪಸು ಹೋಗುತ್ತಾನೆಂಬ ನಂಬಿಕೆ ವೀಸಾ ಅಧಿಕಾರಿಗಳಿಗೆ ಇಲ್ಲವಂತೆ. ಎಮ್ಮೆ ಮೇವು ಬಿಟ್ಟರೆ ತಾನೂ ಊಟ ಬಿಡುವ ಮನುಷ್ಯ ಅವನು. ಇಲ್ಲಿ ಯಾರದೋ ನೆಲಮಾಳಿಗೆಯಲ್ಲಿ ಅಡಗಿ ಕೂರುತ್ತಾನೆಯೇ? ನಿಮ್ಮ ಕಚೇರಿಗೆ ಬಂದೆ. “ಸಾಹೇಬ್ರಿಗೆ ಹೇಳ್ತೀನಿ, ಆಗೋಗುತ್ತೆ ಆಂಟಿ” ಅಂದ ನಿಮ್ಮ ವ್ಯವಸ್ಥಾಪಕ. ಮತ್ತೆ ಬಂದೆ. “ನೋಡ್ತಾ ಇದೀವಿ ಆಂಟಿ.” ಮದುವೆ ಹತ್ತಿರ ಬಂದಾಗ, “ಇದ್ರಲ್ಲಿ ನಾವು ಕೈ ಹಾಕೋ ಹಾಗಿಲ್ಲ ಆಂಟಿ, ಕಾನೂನು” ಅಂದ. ವೀಸಾ ಕೊಡುವುದು ನಿಮ್ಮ ಕೈಯಲ್ಲಿಲ್ಲ, ಒಪ್ಪಿದೆ. ಅದನ್ನು ಮೊದಲ ದಿನವೇ ಹೇಳಲು ಯಾವ ಕಾನೂನು ಅಡ್ಡ ಬಂದಿತ್ತು?

ಕೆಂಪು ಬಳೆ ಧರ್ಮವಲ್ಲ, ಬರೀ ರೂಢಿ ಎಂದು ನಮ್ಮ ಗುರುದ್ವಾರದಲ್ಲಿ ಪವಿತ್ರ ಗ್ರಂಥ ಓದುವ ಗ್ರಂಥಿಗಳು ಹೇಳುತ್ತಾರೆ. ಇರಬಹುದು. ಆದರೆ ಮದುವೆಯ ಬೆಳಗ್ಗೆ ತಾಯಿಯ ತವರು ಬಂದು ಮಗಳ ಕೈ ಹಿಡಿಯುವುದು ಅದೊಂದೇ ಗಳಿಗೆ. ಅದಕ್ಕೇ ನಮ್ಮ ದೊಡ್ಡಪ್ಪನ ಮಗ ಬಳೆ ತೊಡಿಸುವುದು, ಗುರ್ನೇಕ ಫೋನಿನಲ್ಲಿ ನೋಡಿ ಹರಸುವುದು ಎಂದು ಮಾಡಿಕೊಂಡೆವು. ಹಾಲು ಬೆರೆಸಿದ ನೀರಿನಲ್ಲಿ ಬಳೆ ನೆನೆಯುತ್ತಿತ್ತು. ಫೋನನ್ನು ಮಣೆಯ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿದ್ದೆ. ಅಲ್ಲಿ ಸಂಜೆ, ಗುರ್ನೇಕ ಹೊಸ ಪೇಟ ಸುತ್ತಿ ಅಂಗಳದ ಮಂಚದ ಮೇಲೆ ಕೂತಿದ್ದ, ಬೆನ್ನ ಹಿಂದೆ ಇಡೀ ಓಣಿ ನಿಂತಿತ್ತು.

ಆಗ ನೀವು ಬಂದಿರಿ. “ಮಾವ ಬರ್ಲಿಲ್ವಾ? ನಾನಿದೀನಲ್ಲ ಅಕ್ಕ” ಎಂದು ಅಂಗಿಯ ತೋಳು ಮಡಚಿ, ದೊಡ್ಡಪ್ಪನ ಮಗನಿಗೆ ಇಟ್ಟಿದ್ದ ಮಣೆಯ ಮೇಲೆ ಕೂತಿರಿ. ಮದುವೆಮನೆಗೆ ಬಂದವರನ್ನು ಮಣೆಯಿಂದ ಏಳಿಸುವುದು ಹೇಗೆಂದು ನನ್ನ ತಾಯಿ ನನಗೆ ಕಲಿಸಿರಲಿಲ್ಲ. “ಈ ಫೋನು ಫೋಟೋಗೆ ಅಡ್ಡ ಬರುತ್ತೆ” ಎಂದು ನಿಮ್ಮ ವ್ಯವಸ್ಥಾಪಕ ಅದನ್ನೆತ್ತಿ ಲಡ್ಡು ತಟ್ಟೆಯ ಪಕ್ಕ ಬೋರಲು ಹಾಕಿದ. “ಅಮ್ಮ, ಮಾವಂಗೆ ಕಾಣ್ಸಲ್ಲ” ಅಂದಳು ಸಿಮ್ರತ್, ಮೆಲ್ಲಗೆ. “ಒಂದೇ ನಿಮಿಷ ಮಗಳೇ, ಈ ಕಡೆ ನೋಡು” ಅಂದಿರಿ ನೀವು.

ನೀವು ಹೋದ ಮೇಲೆ ಫೋನು ತಿರುಗಿಸಿದೆ. ಅವನು ಹಾಗೇ ಕೂತಿದ್ದ.

“ಮುಗೀತಾ ಅಕ್ಕ? ಇಲ್ಲಿ ಬರೀ ಕತ್ತಲೆ. ಹೆಂಗಸರು ಹಾಡಿದ್ದು ಮಾತ್ರ ಕೇಳಿಸ್ತು.”

“ಮುಗೀತು ಕಣೋ” ಅಂದೆ. ಯಾರು ತೊಡಿಸಿದರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳುವ ಕೆಲಸವನ್ನು ನಿಮ್ಮ ಕರಪತ್ರ ಮಾಡಿತು. ಆ ಚಿತ್ರ ಫೋನಿಂದ ಫೋನಿಗೆ ಹಾರಿ ನಮ್ಮೂರು ಸೇರಿತು. “ದೊಡ್ಡ ಮನುಷ್ಯನೇ ತಮ್ಮ ಆಗಿ ಸಿಕ್ಕಿದಾನೆ. ಇನ್ನು ನಾನ್ಯಾಕೆ ಅಕ್ಕ?” ಅಂದ ಗುರ್ನೇಕ. ಅದೇ ಕೊನೆಯ ಮಾತು. ಈಗ ಯಾವಾಗ ಫೋನು ಮಾಡಿದರೂ ಅವನ ಹೆಂಡತಿಯೇ ಎತ್ತುತ್ತಾಳೆ. “ಹಾಲು ಕರೀತಿದಾರೆ ಅಕ್ಕ.” ಬೆಳಗ್ಗೆಯೂ ಅದೇ, ನಡುಮಧ್ಯಾಹ್ನವೂ ಅದೇ. ಯಾವ ಎಮ್ಮೆ ದಿನವಿಡೀ ಹಾಲು ಕೊಡುತ್ತದೆ?

ಈ ಸಲವೂ ನಿಮ್ಮವರು ನನ್ನ ಮೂಲೆಯಲ್ಲಿ ಬೋರ್ಡು ನೆಟ್ಟು ಹೋಗಿದ್ದಾರೆ. ಎಸೆದಿಲ್ಲ. ಕಿತ್ತು ಹುಲ್ಲಿನ ಮೇಲೆ ಬೋರಲು ಮಲಗಿಸಿದ್ದೇನೆ. “ಇದ್ಯಾಕಮ್ಮ ಹೀಗೆ ಮಲಗಿದೆ?” ಎಂದು ಅಯೋನಿಯಮ್ಮ ಕೇಳಿದಳು. ಹೇಳಿದೆ. ಕೈಕಟ್ಟಿಕೊಂಡು ಪೂರ್ತಿ ಕೇಳಿ ರಸ್ತೆ ದಾಟಿ ಹೋಗಿ, “ನಂದಕ್ಕೂ ನಿದ್ದೆ ಬಂದಿದೆ ಕಣೇ” ಎಂದು ತನ್ನ ಬೋರ್ಡನ್ನೂ ಮಲಗಿಸಿದಳು. ಹೋದ ಸಲ ತಟ್ಟಿದ ಬಾಗಿಲುಗಳನ್ನೇ ಈಗ ಇಬ್ಬರೂ ಮತ್ತೆ ತಟ್ಟುತ್ತಿದ್ದೇವೆ. ನಮ್ಮ ಬೀದಿಯಲ್ಲೊಮ್ಮೆ ನಡೆದು ನೋಡಿ, ನಿಮ್ಮ ಮುಖ ಎಷ್ಟು ಅಂಗಳದಲ್ಲಿ ಮಣ್ಣು ನೋಡುತ್ತಿದೆ ಎಂದು.

ಭಾನುವಾರ ನೀವು ಗುರುದ್ವಾರದ ಅಡುಗೆಮನೆಗೆ ರೊಟ್ಟಿ ಲಟ್ಟಿಸಲು ಬರುತ್ತೀರಂತೆ. ಬನ್ನಿ. ಗುರುವಿನ ಮನೆಯಲ್ಲಿ ಯಾರಿಗೂ ಊಟ ಇಲ್ಲ ಎನ್ನುವಂತಿಲ್ಲ. ದಾಲ್ ನಾನೇ ಬಡಿಸುತ್ತೇನೆ. ಲಟ್ಟಣಿಗೆಯನ್ನೂ ಕೊಡುತ್ತೇನೆ. ಆದರೆ ನಿಮ್ಮವರ ಫೋನುಗಳೆಲ್ಲ ಹಿಟ್ಟು ನಾದುವ ಅಗಲ ಪರಾತದ ಪಕ್ಕ ಬೋರಲು ಬಿದ್ದಿರುತ್ತವೆ. ರೊಟ್ಟಿ ಸೇವೆಯ ಹೆಂಗಸರೆಲ್ಲ ಸೇರಿ ಹಾಗೆಂದು ಮಾತಾಡಿಕೊಂಡಿದ್ದೇವೆ. ಚಿತ್ರವಿಲ್ಲದೆ ಎಷ್ಟು ರೊಟ್ಟಿ ಲಟ್ಟಿಸುತ್ತೀರೋ ನೋಡೋಣ.

ನನ್ನ ಬೇಡಿಕೆ ಇಷ್ಟೇ. ಆ ಕರಪತ್ರ ವಾಪಸು ತೆಗೆದುಕೊಳ್ಳಿ. ಆ ಭಾನುವಾರ ಊಟದ ಕೋಣೆಯಲ್ಲಿ ಎಲ್ಲರೆದುರು ನಿಲ್ಲಿ. ನನ್ನ ಫೋನೊಂದೇ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ, “ಗುರ್ನೇಕ್, ನಾನು ನಿನ್ನ ಜಾಗದಲ್ಲಿ ಕೂತೆ, ಅದು ನನ್ನದಲ್ಲ” ಎನ್ನಿ. ಎಮ್ಮೆ ಬಿಟ್ಟು ಅವನು ಫೋನಿಗೆ ಬರುವವರೆಗೆ ನಿಂತೇ ಇರಿ. ಕಾಯುವುದು ಹೇಗಿರುತ್ತದೆಂದು ನಿಮಗೂ ಗೊತ್ತಾಗಲಿ. ಅವನು ಬಂದು ಕೇಳಿಸಿಕೊಂಡರೆ ನಿಮ್ಮ ಬೋರ್ಡನ್ನು ಎತ್ತಿ, ಮಣ್ಣು ಒರೆಸಿ, ನಿಮ್ಮ ಕಚೇರಿಗೆ ನಾನೇ ತಂದುಕೊಡುತ್ತೇನೆ.

ವೋಟು ಮಾತ್ರ ಆಗಲೂ ಇಲ್ಲ.

ಇಂತಿ,
ಒಬ್ಬನೇ ತಮ್ಮನಿರುವ,
ನಿಮಗೆ ಅಕ್ಕನಲ್ಲದ
ಮೂಲೆಮನೆಯ ನಸೀಬ್ ಕೌರ್